ಎದುರು ನಿಂತವರ ಮುಖ: ಕೋಲಾರ ಸೀಮೆಯ ಪ್ರಯೋಗಶೀಲ ಕಲೆ ಮತ್ತು ಅಂತರ್ಜಾಲ

ಪ್ರಯೋಗಶೀಲ ಕಲಾ ಚಳವಳಿಯೊಂದು ಬೀದಿಯಿಂದ ಹಿಂದೆ ಸರಿದ ಮೇಲೂ ಅಂತರ್ಜಾಲದ ಬಳಗಗಳಲ್ಲಿ ಬದುಕಿರುತ್ತದೆಯೇ? ಚಳವಳಿಯ ಯಾವ ಅಂಗದ ಮಾತು ಎಂದು ಗೊತ್ತುಮಾಡಿಕೊಳ್ಳದೆ ಇದಕ್ಕೆ ಉತ್ತರ ಹೇಳಲಾಗದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದವು; ಆದ್ದರಿಂದ ಆ ಇಡೀ ಸೀಮೆಯನ್ನು ಒಂದಾಗಿಟ್ಟುಕೊಂಡು ಇಲ್ಲಿ ಬೀದಿ ನಾಟಕ ಮತ್ತು ಹೋರಾಟದ ಹಾಡುಗಳನ್ನು ನೋಡಲಾಗಿದೆ.

1975ರಲ್ಲಿ ಹುಟ್ಟಿದ ರಂಗಸಂಘಟನೆ ‘ಸಮುದಾಯ’ 1979ರ ಜಾಥಾದಲ್ಲಿ ಬೀದಿ ನಾಟಕವನ್ನು ರಾಜ್ಯದ ಹಳ್ಳಿಗಳಿಗೆ ಕೊಂಡೊಯ್ದಿತು. ರಂಗನಿರ್ದೇಶಕ ಸಿ.ಜಿ. ಕೃಷ್ಣಸ್ವಾಮಿ ರೂಪಿಸಿದ ‘ಬೆಲ್ಚಿ’ ಬೀದಿ ನಾಟಕದ ವಸ್ತು 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆ. ಇಂಥ ನಾಟಕಕ್ಕೆ ಪರದೆಯಿಲ್ಲ, ದೀಪವಿಲ್ಲ; ಜನ ಸುತ್ತುಗಟ್ಟಿ ನಿಂತಲ್ಲಿ ರಂಗ. ನೋಡುಗನ ಕಣ್ಣಿಗೆ ನಟನ ಬೆನ್ನ ಹಿಂದೆ ಎದುರು ನಿಂತವರ ಮುಖವೂ ಬೀಳುತ್ತದೆ. ಕೇರಿಯವರೂ ಜಮೀನುಳ್ಳವರೂ ಒಂದೇ ಸುತ್ತಿನಲ್ಲಿ ನಿಂತಿದ್ದರೆ, ಆಡಿದ ಕೊಲೆಯ ಆಚೀಚೆ ಅವರು ಪರಸ್ಪರ ನೋಡಲೇಬೇಕು. ನನ್ನ ಮಟ್ಟಿಗೆ ನಿಜವಾದ ಪ್ರಯೋಗ ಇದೇ. ಸಂಭಾಷಣೆಯ ಹೊಸತನ ಆಮೇಲಿನ ಮಾತು. ಒಂದು ಕಡೆ ನಿಲ್ಲಿಸಿದ ಮೊಬೈಲ್ ಕ್ಯಾಮೆರಾ ನಾಟಕವನ್ನೇನೋ ಉಳಿಸಿಕೊಡುತ್ತದೆ. ಆದರೆ ಬೀದಿ ನಾಟಕ ಒಡೆದು ಹೊರಬಂದಿದ್ದ ರಂಗಮಂಚದ ಚೌಕಟ್ಟನ್ನು ಮತ್ತೆ ಕಟ್ಟುತ್ತದೆ, ಎದುರು ಮುಖಗಳನ್ನು ಅಳಿಸುತ್ತದೆ. ಹೀಗೆ ಸುತ್ತುಗಟ್ಟಿ ನಿಲ್ಲುವುದೂ ಇಲ್ಲಿ ಸಣ್ಣ ಮಾತಲ್ಲ: ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದವರ ಮೇಲೆ ಗುಂಡು ಹಾರಿತು. ಜನ ಒಂದೆಡೆ ಸೇರುವುದಕ್ಕೆ ಈ ನೆಲದಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ಮರೆತು ಬೀದಿ ನಾಟಕವನ್ನು ಅಳೆಯಬಾರದು.

ಹಾಡಿನ ಕಥೆ ಬೇರೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಸಂತಕವಿ ನಾರೇಯಣ ತಾತನವರ ತೆಲುಗು, ಕನ್ನಡ ತತ್ವಪದಗಳನ್ನು ಕೇಳಿ ಕಲಿತು ಹಾಡುವ ರೂಢಿ ಇಲ್ಲಿ ಹಳೆಯದು. ದಲಿತ ಕವಿ ಸಿದ್ಧಲಿಂಗಯ್ಯನವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಅಂಥ ಕಿವಿ, ಕೊರಳುಗಳು ಇಲ್ಲಿ ಮೊದಲೇ ಸಿದ್ಧವಾಗಿದ್ದವು. ವಾಟ್ಸಾಪಿನಲ್ಲಿ ಬಂದ ಹೋರಾಟದ ಹಾಡನ್ನೂ ಕೇಳಿದವರು ಮರುದಿನ ಹಾಡಬಲ್ಲರು. ಕೇಳುಗ ಹಾಡುಗನಾಗುವವರೆಗೆ ಹಾಡಿಗೆ ನಷ್ಟವಿಲ್ಲ.

ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಸಾಂಸ್ಕೃತಿಕ ಕೇಂದ್ರ ‘ಆದಿಮ’ದಲ್ಲಿ ಹುಣ್ಣಿಮೆಯ ರಾತ್ರಿ ಜನ ಕೂಡುವ ‘ಹುಣ್ಣಿಮೆ ಹಾಡು’ ನಾಟಕ, ಹಾಡು ಈ ಎರಡರ ನಡುವೆ ನಿಲ್ಲುತ್ತದೆ. ಕರೆ ಫೋನಿನಲ್ಲಿ ಬರಬಹುದು, ಬೆಟ್ಟ ಮಾತ್ರ ಹತ್ತಲೇಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದ ಮೇಲೂ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿಯೇ ಬೆಲೆ ನಮೂದಿಸುವ ಹಾಗೆ. ಬಳಗವನ್ನು ಮತ್ತೆ ಒಂದೆಡೆ ಕೂಡಿಸುವಷ್ಟರ ಮಟ್ಟಿಗೆ ಜಾಲ ಚಳವಳಿಯನ್ನು ಬದುಕಿಸುತ್ತದೆ. ಬರೀ ನೋಡಿಸುವ ಜಾಲ ಅದರ ನೆನಪನ್ನಷ್ಟೇ ಕಾಯುತ್ತದೆ.

ಹಾಗಾಗಿ ಬೀದಿ ನಾಟಕವನ್ನು ದಾಖಲಿಸುವವರು ಇನ್ನೊಂದು ಕ್ಯಾಮೆರಾವನ್ನು ಜನರ ಕಡೆಗೂ ತಿರುಗಿಸಬೇಕು. 1979ರ ಜಾಥಾವನ್ನು ಹರೆಯದಲ್ಲಿ ಕಂಡವರಿಗೆ ಈಗ ಅರವತ್ತು ದಾಟಿದೆ. ಯಾರು ಎಲ್ಲಿ ನಿಂತಿದ್ದರು, ನಾಟಕ ಮುಗಿದ ಮೇಲೆ ಯಾರು ಯಾರನ್ನು ಮಾತಾಡಿಸಿದರು ಎಂಬುದನ್ನು ಅವರಿಂದ ಈಗಲೇ ಕೇಳಿ ಬರೆದುಕೊಳ್ಳಬೇಕು.