ಪೋರ್ಟ್ ಲೂಯಿಯ ಕೂಲಿಗಳು: ಸ್ವತಂತ್ರರೋ, ಪರತಂತ್ರರೋ?

1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ರದ್ದುಪಡಿಸುವ ಕಾಯ್ದೆ ಮಾಡಿತು ಎಂಬ ಸಾಲನ್ನು ಒಂದು ಅಂಕದ ಪ್ರಶ್ನೆಗಾಗಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಆಮೇಲೆ ಆ ಗುಲಾಮರ ಕೆಲಸವನ್ನು ಯಾರು ಮಾಡಿದರು ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಕಂಪನಿ ಕೆಲಸದ ಮೇಲೆ ಮಾರಿಷಸ್‌ಗೆ ಹೋಗಿದ್ದಾಗ ರಾಜಧಾನಿ ಪೋರ್ಟ್ ಲೂಯಿಯ ಬಂದರಿನಲ್ಲಿ ‘ಅಪ್ರವಾಸಿ ಘಾಟ್’ ನೋಡಿದೆ. ಆ ಪ್ರಶ್ನೆಗೆ ಉತ್ತರ ಅಲ್ಲಿದೆ. ನೋಡಿದ್ದರ ಜೊತೆಗೆ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಈ ಊರನ್ನು ಕಟ್ಟಿಸಿದವನು 1735ರಲ್ಲಿ ಬಂದ ಫ್ರೆಂಚ್ ಗವರ್ನರ್ ಲಾ ಬೂರ್ದೊನೆ. ಕಟ್ಟಿದ ಕೈಗಳು ಬೇರೆ. ಮಡಗಾಸ್ಕರ್ ಮತ್ತು ಮೊಜಾಂಬಿಕ್‌ನಿಂದ ತಂದ ಗುಲಾಮರು ಕಲ್ಲು ಹೊತ್ತರು. ಪುದುಚೇರಿಯಿಂದ ಕೂಲಿ ಮಾತಾಡಿಕೊಂಡು ಬಂದ ತಮಿಳು ಗಾರೆಯವರು, ಬಡಗಿಗಳು ಅವರ ಪಕ್ಕದಲ್ಲೇ ಕೆಲಸ ಮಾಡಿದರು. ಇವರು ಬಂದದ್ದು ಪೂರ್ವ ಕರಾವಳಿಯಿಂದ, ಆದರೂ ಫ್ರೆಂಚರ ಬಾಯಲ್ಲಿ ‘ಮಲಬಾರಿ’ಗಳು! 1810ರಲ್ಲಿ ದ್ವೀಪ ಬ್ರಿಟಿಷರ ಕೈಗೆ ಬಂತು. 1815ರಿಂದ ಭಾರತದ ಜೈಲುಗಳ ಕೈದಿಗಳನ್ನು ರಸ್ತೆ ಕೆಲಸಕ್ಕೆ ತಂದರು. 1836ರಲ್ಲಿ ಇಲ್ಲಿಗೆ ಬಂದ ಚಾರ್ಲ್ಸ್ ಡಾರ್ವಿನ್ ಸುಮಾರು 800 ಕೈದಿಗಳಿದ್ದಾರೆಂದು ಬರೆದು, ಅವರ ಗಂಭೀರ ನಿಲುವನ್ನು ಮೆಚ್ಚಿಕೊಂಡಿದ್ದಾನೆ. ಗುಲಾಮ, ಕೈದಿ, ಕೂಲಿಗಾರ, ಮೂವರೂ ಒಂದೇ ಬೀದಿಯಲ್ಲಿದ್ದರು.

1835ರ ಫೆಬ್ರವರಿ 1ರಂದು ಇಲ್ಲಿ ಗುಲಾಮಗಿರಿ ಕೊನೆಗೊಂಡಿತು. ಇಪ್ಪತ್ತು ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಸಿಕ್ಕಿತು. ಸಿಕ್ಕಿದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ! ಬಿಡುಗಡೆಯಾದವರು ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ 1839ರವರೆಗೆ ಅದೇ ಒಡೆಯರ ಹತ್ತಿರ ದುಡಿಯಬೇಕಾಯಿತು. ಅವಧಿ ಮುಗಿದದ್ದೇ ತಡ, ಬಹುಪಾಲು ಜನ ಕಬ್ಬಿನ ತೋಟ ಬಿಟ್ಟು ನಡೆದರು.

ತೋಟದವರು ಅಷ್ಟರಲ್ಲಿ ಬೇರೆ ದಾರಿ ಕಂಡುಕೊಂಡಿದ್ದರು. 1834ರ ನವೆಂಬರ್ 2ರಂದೇ ‘ಅಟ್ಲಾಸ್’ ಹಡಗು ಕಲ್ಕತ್ತೆಯಿಂದ 36 ಕೂಲಿಗಳನ್ನು ತಂದಿಳಿಸಿತ್ತು. ಐದು ವರ್ಷದ ಕರಾರು, ಗಂಡಸಿಗೆ ತಿಂಗಳಿಗೆ ಐದು ರೂಪಾಯಿ. 1910ರ ಹೊತ್ತಿಗೆ ಹೀಗೆ ಬಂದವರು ಸುಮಾರು ನಾಲ್ಕೂವರೆ ಲಕ್ಷ. ಬಿಹಾರದ ಕಡೆಯವರೇ ಹೆಚ್ಚು, ಜೊತೆಗೆ ತಮಿಳರು, ತೆಲುಗರು, ಮರಾಠಿಗರು.

ಇವರು ಸ್ವತಂತ್ರರೇ? ಕಾಗದದ ಮೇಲೆ ಹೌದು. ಯಾರೂ ಅವರನ್ನು ಮಾರುವಂತಿರಲಿಲ್ಲ, ಸಂಬಳವೂ ಇತ್ತು. ಆದರೆ ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಕಡಿತ. ಕೆಲಸ ಬಿಟ್ಟು ಹೋದರೆ ಜೈಲು. ಬಿ.ಇ. ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನಾನೂ ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಿದ್ದೆ. ನಾವು ಗೆಳೆಯರು ತಮಾಷೆಗೆ ಅದನ್ನು ಜೀತ ಎನ್ನುತ್ತಿದ್ದೆವು. ಆದರೆ ಮುರಿದಿದ್ದರೆ ನಾನು ದುಡ್ಡು ಕಟ್ಟಬೇಕಿತ್ತು, ಅಷ್ಟೇ. ಮನೆ ಬಾಗಿಲಿಗೆ ಪೊಲೀಸರು ಬರುತ್ತಿರಲಿಲ್ಲ. ಸ್ವತಂತ್ರ ಕೂಲಿಗೂ ಪರತಂತ್ರ ಕೂಲಿಗೂ ಇರುವ ಗೆರೆ ನನ್ನ ಮಟ್ಟಿಗೆ ಇದೇ.

ಕರಾರು ಮುಗಿದವರಿಗೂ ಬಿಡುಗಡೆ ಸುಲಭವಿರಲಿಲ್ಲ. 1867ರ ಕಾನೂನಿನ ಪ್ರಕಾರ ಅವರು ತಮ್ಮ ಫೋಟೋ ಅಂಟಿಸಿದ ಚೀಟಿಯನ್ನು ಸದಾ ಇಟ್ಟುಕೊಂಡಿರಬೇಕು. ತಮ್ಮ ಜಿಲ್ಲೆಯ ಆಚೆ ಚೀಟಿಯಿಲ್ಲದೆ ಸಿಕ್ಕಿದರೆ ಅಲೆಮಾರಿಯೆಂದು ಹಿಡಿದುಹಾಕುತ್ತಿದ್ದರು. 1871ರಲ್ಲಿ ಇಂಥ 9,401 ಮಂದಿ ಗವರ್ನರರಿಗೆ ಒಂದು ಮನವಿ ಸಲ್ಲಿಸಿದರು. ಅದನ್ನು ಬರೆದುಕೊಟ್ಟವನು ಅಡಾಲ್ಫ್ ದ ಪ್ಲೆವಿಟ್ಸ್ ಎಂಬ ತೋಟದ ಮೇಲ್ವಿಚಾರಕ, ಅವನೂ ಬಿಳಿಯನೇ. ಅವನನ್ನು ಗಡೀಪಾರು ಮಾಡಿ ಎಂದು ತೋಟದ ಮಾಲೀಕರು ಎದುರು ಮನವಿ ಕೊಟ್ಟರು. ಕೊನೆಗೆ ಲಂಡನ್ನಿನಿಂದ ರಾಯಲ್ ಕಮಿಷನ್ ಬಂದು ವಿಚಾರಣೆ ನಡೆಸಿತು, 1878ರಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು.

ಬಂದಿಳಿದ ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟು, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಹಳ್ಳಿ, ಹಡಗು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದಿಟ್ಟರು. ನಮ್ಮ ವೃತ್ತಿಯಲ್ಲಿ ಇದಕ್ಕೆ ಡೇಟಾಬೇಸ್ ಎನ್ನುತ್ತೇವೆ. ಓಡಿಹೋದವರನ್ನು ಹಿಡಿಯಲು ಬಳಕೆಯಾದ ಆ ರಿಜಿಸ್ಟರುಗಳು ಈಗ ಮೋಕಾ ಊರಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. 2024ರಲ್ಲಿ ಭಾರತ ಸರ್ಕಾರ ಅಲ್ಲಿನ ಏಳನೆಯ ತಲೆಮಾರಿನವರಿಗೂ ಸಾಗರೋತ್ತರ ಭಾರತೀಯ ಕಾರ್ಡ್ ಕೊಡುವುದಾಗಿ ಘೋಷಿಸಿತು. ತಮ್ಮ ಹಿರಿಯರು ಯಾವ ಹಳ್ಳಿಯಿಂದ ಬಂದವರೆಂದು ತೋರಿಸಲು ಮರಿಮಕ್ಕಳು ಈಗ ಅದೇ ನಂಬರು ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ.