2147483647: ಆಯ್ಲರ್ ಪರೀಕ್ಷಿಸಿದ ಸಂಖ್ಯೆಯೇ 2038ರಲ್ಲಿ ಕಂಪ್ಯೂಟರ್‌ಗಳಿಗೆ ಗಡಿ!

214 ಕೋಟಿ 74 ಲಕ್ಷ 83 ಸಾವಿರದ 647. ಹತ್ತು ಅಂಕಿಗಳ ಈ ಸಂಖ್ಯೆ ಗಣಿತಜ್ಞರಿಗೆ 250 ವರ್ಷಗಳಿಂದ ಪರಿಚಿತ. ಕಂಪ್ಯೂಟರ್ ತಂತ್ರಜ್ಞರಿಗೆ ಮಾತ್ರ ಇದು 2038ರ ಗಡುವನ್ನು ನೆನಪಿಸುವ ಸಂಖ್ಯೆ. 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಲ್ಲಿ 1 ಕಳೆದರೆ ಇದು ಸಿಗುತ್ತದೆ.

ಯಾವ ಗುಂಪಿನ ಸಂಖ್ಯೆ?

1 ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವುದರಿಂದ ಇದು ಅವಿಭಾಜ್ಯ ಸಂಖ್ಯೆ. 2, 3, 5, 7 ಎಂದು ಅವಿಭಾಜ್ಯಗಳನ್ನು ಎಣಿಸುತ್ತ ಹೋದರೆ ಇದಕ್ಕೆ 10,50,97,565ನೇ ಸ್ಥಾನ. 2ರ ಘಾತಕ್ಕಿಂತ 1 ಕಡಿಮೆ ಇರುವ ಅವಿಭಾಜ್ಯಗಳಿಗೆ 17ನೇ ಶತಮಾನದ ಫ್ರೆಂಚ್ ಪಾದ್ರಿ ಮರಿನ್ ಮೆರ್ಸೆನ್ ಅವರ ಹೆಸರಿದೆ. 3, 7, 31, 127 ಎಂದು ಶುರುವಾಗುವ ಆ ಸಾಲಿನಲ್ಲಿ ಇದು ಎಂಟನೆಯದು. ಘಾತಾಂಕವಾದ 31 ಕೂಡ ಮೆರ್ಸೆನ್ ಅವಿಭಾಜ್ಯವೇ ಆಗಿರುವುದು ಇದರ ಮತ್ತೊಂದು ವಿಶೇಷ. ಇಂಥ ‘ಜೋಡಿ ಮೆರ್ಸೆನ್’ ಅವಿಭಾಜ್ಯಗಳು ಈವರೆಗೆ ಸಿಕ್ಕಿರುವುದು ನಾಲ್ಕೇ.

ಆಯ್ಲರ್ ಹಿಡಿದ ಹತ್ತಿರದ ದಾರಿ

ಇದು ಅವಿಭಾಜ್ಯ ಎಂದು 1772ರಲ್ಲಿ ತಿಳಿಸಿದವರು ಸ್ವಿಟ್ಜರ್‌ಲೆಂಡ್ ಮೂಲದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಆಗ ಅವರ ದೃಷ್ಟಿ ಬಹುತೇಕ ಹೋಗಿತ್ತು. ಸಾಮಾನ್ಯ ವಿಧಾನದಲ್ಲಿ, ಇದರ ವರ್ಗಮೂಲವಾದ ಸುಮಾರು 46,340ರವರೆಗಿನ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಆದರೆ ಇದಕ್ಕೆ ಭಾಜಕವೇನಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಈ ಜರಡಿ ಹಿಡಿದಾಗ ಪರೀಕ್ಷಿಸಬೇಕಾದ ಸಂಖ್ಯೆಗಳು ನಾನೂರಕ್ಕಿಂತ ಕಡಿಮೆಯಾದವು.

ಪರಿಪೂರ್ಣ ಸಂಖ್ಯೆಯ ನಂಟು

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದುದು ಪರಿಪೂರ್ಣ ಸಂಖ್ಯೆ. ಉದಾಹರಣೆಗೆ, 6 = 1 + 2 + 3. 2147483647ನ್ನು 2ರ 30ನೇ ಘಾತದಿಂದ ಗುಣಿಸಿದರೆ ಎಂಟನೇ ಪರಿಪೂರ್ಣ ಸಂಖ್ಯೆ 2305843008139952128 ಸಿಗುತ್ತದೆ. ಇವು ಬರೀ ಕುತೂಹಲದ ವಸ್ತು, ಉಪಯೋಗಕ್ಕೆ ಬಾರವು. ಹಾಗಾಗಿ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಬರೆದಿದ್ದರು. ಅದು ಸುಳ್ಳಾಯಿತು. 2024ರಲ್ಲಿ ಪ್ರಕಟವಾದ 52ನೇ ಮೆರ್ಸೆನ್ ಅವಿಭಾಜ್ಯದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ.

2038ರಲ್ಲಿ ಏನಾಗುತ್ತದೆ?

32 ಬಿಟ್‌ಗಳಲ್ಲಿ ಒಂದನ್ನು ಧನ, ಋಣ ಚಿಹ್ನೆಗೆ ಮೀಸಲಿಟ್ಟರೆ ಉಳಿಯುವುದು 31. ಅವೆಲ್ಲದರಲ್ಲೂ 1 ತುಂಬಿದಾಗ ಬರುವ ಗರಿಷ್ಠ ಮೌಲ್ಯ ಇದೇ ಸಂಖ್ಯೆ. 2014ರಲ್ಲಿ ‘ಗಂಗ್ನಮ್ ಸ್ಟೈಲ್’ ವಿಡಿಯೊದ ವೀಕ್ಷಣೆ ಈ ಗಡಿ ಮುಟ್ಟುವ ಹಂತಕ್ಕೆ ಬಂದಾಗ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಬದಲಿಸಿಕೊಂಡಿತು.

ಅನೇಕ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಸಮಯ ಹೇಳುತ್ತವೆ. ಈ ಲೆಕ್ಕ 2147483647 ತಲುಪುವುದು ಭಾರತೀಯ ಕಾಲಮಾನದಂತೆ 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣವೇ ಹಳೆಯ 32 ಬಿಟ್ ಗಡಿಯಾರಗಳು 1901ರ ಡಿಸೆಂಬರ್‌ಗೆ ಹಿಂದಿರುಗಬಹುದು. ಹೊಸ ಕಂಪ್ಯೂಟರ್ ಮತ್ತು ಫೋನ್‌ಗಳಲ್ಲಿ 64 ಬಿಟ್ ಲೆಕ್ಕ ಬಂದಿರುವುದರಿಂದ ಆತಂಕ ಕಡಿಮೆ. ವರ್ಷಗಟ್ಟಲೆ ಯಾರೂ ಮುಟ್ಟದೆ ಓಡುವ ಯಂತ್ರಗಳ ಒಳಗಿನ ಹಳೆಯ ಸಾಫ್ಟ್‌ವೇರ್‌ಗಳನ್ನು ಮಾತ್ರ ಅಷ್ಟರೊಳಗೆ ಹುಡುಕಿ ಸರಿಪಡಿಸಬೇಕಿದೆ.