ಹರಿಯುವ ನೆತ್ತರಲ್ಲಿ ಅಯಸ್ಕಾಂತದ ಹಿಡಿತ

ದೇಹದೊಳಗಿನ ವಸ್ತುವನ್ನು ಅಯಸ್ಕಾಂತದಿಂದ ಸೆಳೆಯುವ ಉಪಾಯ ಬಹಳ ಹಳೆಯದು. ಮೈಗೆ ನಾಟಿದ ಶಲ್ಯವನ್ನು, ಎಂದರೆ ಹೊರವಸ್ತುವನ್ನು, ಹೊರತೆಗೆಯುವ ಬಗೆಗಳಲ್ಲಿ ಸುಶ್ರುತ ಸಂಹಿತೆ ಅದನ್ನೂ ಸೇರಿಸುತ್ತದೆ. ಆದರೆ ಕಟ್ಟುಪಾಡಿಲ್ಲದೆ ಅಲ್ಲ: ಶಲ್ಯ ಸಡಿಲವಾಗಿರಬೇಕು, ಅದಕ್ಕೆ ಕೊಕ್ಕೆ ಇರಬಾರದು, ಗಾಯದ ಬಾಯಿ ಅಗಲವಾಗಿರಬೇಕು. ಅಯಸ್ಕಾಂತದ ಸೆಳೆತ ಎಷ್ಟು ದುರ್ಬಲ ಎಂಬುದನ್ನು ಕಂಡವರೇ ಈ ಷರತ್ತುಗಳನ್ನು ಹಾಕಿರಬೇಕು.

ಯುರೋಪಿನಲ್ಲಿ ಇದಕ್ಕೆ ಹೆಸರಾದದ್ದು 1624ರ ಪ್ರಸಂಗ. ರೋಗಿಯ ಕಣ್ಣಿಗೆ ಸಿಡಿದಿದ್ದ ಉಕ್ಕಿನ ಚೂರನ್ನು ಶಸ್ತ್ರವೈದ್ಯ ಫ್ಯಾಬ್ರಿಸಿಯಸ್ ಹಿಲ್ಡಾನಸ್ ತೆಗೆಯಲಾರದೆ ಹೋದಾಗ, ಅಯಸ್ಕಾಂತ ಹಿಡಿಯುವ ಉಪಾಯ ಹೇಳಿದವರು ಅವರ ಪತ್ನಿ ಮಾರಿ ಕೊಲಿನೆ. ಮುಂದಿನ ಶತಮಾನದಲ್ಲಿ ಫ್ರಾಂಜ್ ಮೆಸ್ಮರ್ ‘ಪ್ರಾಣಿ ಕಾಂತಶಕ್ತಿ’ಯ ಹೆಸರಿನಲ್ಲಿ ಮಾಡಿದ ಚಿಕಿತ್ಸೆಯನ್ನು, ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಲಾವೊಸಿಯೆ ಇದ್ದ ಸಮಿತಿ 1784ರಲ್ಲಿ ಬರಿಯ ಕಲ್ಪನೆಯ ಫಲವೆಂದು ತಳ್ಳಿಹಾಕಿತು. ತೀರ್ಪು ಸರಿಯೇ. ಕಣ್ಣಿನ ವೈದ್ಯರು ಮಾತ್ರ ಅಯಸ್ಕಾಂತವನ್ನು ಕೈಬಿಡಲಿಲ್ಲ. ಬರ್ಲಿನ್ನಿನ ಹಿರ್ಷ್‌ಬರ್ಗ್ 1879ರಲ್ಲಿ ವಿದ್ಯುತ್ಕಾಂತವನ್ನೇ ಬಳಕೆಗೆ ತಂದರು.

ರಕ್ತನಾಳದ ಕಥೆ ಬೇರೆ. ಇಲ್ಲಿ ಚೂರನ್ನು ಹೊರಗೆಳೆಯುವುದಲ್ಲ, ಹರಿವಿನ ನಡುವೆ ಹಿಡಿದು ನಿಲ್ಲಿಸಬೇಕು. 1960ರ ದಶಕದಲ್ಲಿ ಅಮೆರಿಕದ ಫಿಂಗರ್‌ಹಟ್ ಮತ್ತು ಆಲ್ಕ್ಸ್ನೆ, ಮೆದುಳಿನ ರಕ್ತನಾಳ ಉಬ್ಬಿ ಚೀಲವಾದ ಕಡೆ ಕಬ್ಬಿಣದ ಪುಡಿ ತುಂಬಿ, ಹೆಪ್ಪುಗಟ್ಟುವ ತನಕ ಅದನ್ನು ಅಯಸ್ಕಾಂತದಿಂದ ಹಿಡಿದಿಡುವ ಪ್ರಯೋಗ ನಡೆಸಿದರು. ಮುಂದೆ ಆಲ್ಕ್ಸ್ನೆ ಇದನ್ನು ರೋಗಿಗಳ ಮೇಲೂ ಬಳಸಿದರು. 1970ರ ದಶಕದ ಕೊನೆಗೆ ವಿಡ್ಡರ್ ಮತ್ತು ಸೆನ್ಯೆ, ಔಷಧ ಹೊತ್ತ ಅಲ್ಬುಮಿನ್ ಕಣಗಳೊಳಗೆ ಕಬ್ಬಿಣದ ಆಕ್ಸೈಡ್ ಸೇರಿಸಿದರು. ಬರ್ಲಿನ್ನಿನ ಲ್ಯೂಬೆ ತಂಡ 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 14 ಕ್ಯಾನ್ಸರ್ ರೋಗಿಗಳಿಗೆ ಕಾಂತೀಯ ಕಣಗಳು ಹೊತ್ತ ಔಷಧ ಕೊಡಲಾಯಿತು.

ನಾಳವನ್ನು ಮುಚ್ಚುವುದರಿಂದ ದುರಸ್ತಿ ಮಾಡುವುದರತ್ತ ಗಮನ ತಿರುಗಿದ್ದು ಸ್ಟೆಂಟ್‌ನಿಂದ, ಎಂದರೆ ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆಯಿಂದ. 1986ರಲ್ಲಿ ಹೃದಯದ ಧಮನಿಗೆ ಮೊದಲ ಸ್ಟೆಂಟ್ ಬಂತು. ಕಟ್ಟಿದ ನಾಳ ತೆರೆದುಕೊಂಡಿತು, ಆದರೆ ನಾಳವನ್ನು ಹಿಗ್ಗಿಸುವ ಬಲೂನು ಮತ್ತು ಲೋಹದ ಒತ್ತಡಕ್ಕೆ ನಾಳದ ಒಳಪೊರೆ ಕಿತ್ತುಹೋಗುತ್ತಿತ್ತು. ಗಾಯದ ಅಂಗಾಂಶ ಬೆಳೆದು ನಾಳ ಮತ್ತೆ ಕಿರಿದಾಗದಂತೆ ಔಷಧ ಲೇಪಿಸಿದ ಸ್ಟೆಂಟ್‌ಗಳು ಬಂದವು. ಆ ಔಷಧವೇ ಒಳಪೊರೆ ಬೇಗ ಬೆಳೆಯದಂತೆಯೂ ತಡೆಯಿತು, ಬೆತ್ತಲೆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಉಳಿಯಿತು. ರಕ್ತದಲ್ಲೇ ಸುತ್ತಾಡುವ, ಒಳಪೊರೆ ಕಟ್ಟಬಲ್ಲ ಜೀವಕೋಶಗಳ ಬಗ್ಗೆ ಅಸಹಾರಾ ತಂಡ 1997ರಲ್ಲಿ ವರದಿ ಮಾಡಿತ್ತು. ಅವನ್ನು ಗಾಯದ ಜಾಗದಲ್ಲಿ ನಿಲ್ಲಿಸುವುದು ಹೇಗೆ?

2006ರಲ್ಲಿ ಮೇಯೊ ಕ್ಲಿನಿಕ್‌ನ ಸಂಶೋಧಕರು, ಕಾಂತೀಯ ಲೇಪನವಿದ್ದ ಸ್ಟೆಂಟ್‌ಗಳು ಕಬ್ಬಿಣದ ಕಣ ತುಂಬಿದ ಕೋಶಗಳನ್ನು ಸೆಳೆದುಕೊಳ್ಳುವುದನ್ನು ತೋರಿಸಿದರು. 2008ರಲ್ಲಿ ಫಿಲಡೆಲ್ಫಿಯಾದ ಪೋಲ್ಯಾಕ್, ಲೆವಿ ಮತ್ತಿತರರು ಇಲಿಯ ಕತ್ತಿನ ಧಮನಿಯಲ್ಲಿ ಇನ್ನೂ ಜಾಣತನದ ದಾರಿ ಹಿಡಿದರು. ಎಲ್ಲೆಡೆ ಒಂದೇ ಬಲವಿರುವ ಕಾಂತಕ್ಷೇತ್ರ ಕಣವನ್ನು ತಿರುಗಿಸೀತೇ ಹೊರತು ಎಳೆಯದು. ಎಳೆತಕ್ಕೆ ಕ್ಷೇತ್ರದ ಬಲ ಜಾಗದಿಂದ ಜಾಗಕ್ಕೆ ಏರುಪೇರಾಗಬೇಕು. ಹೊರಗಿನ ಏಕರೂಪದ ಕ್ಷೇತ್ರದಲ್ಲಿ ಉಕ್ಕಿನ ಸ್ಟೆಂಟ್‌ನ ಎಳೆಗಳು ತಾವೇ ಅಯಸ್ಕಾಂತಗಳಾಗಿ, ಆ ಏರುಪೇರನ್ನು ಬೇಕಾದ ಕಡೆಯೇ ಉಂಟುಮಾಡುತ್ತವೆ. ಆಗ ಕೋಶ ದಾಟಬೇಕಾದ ದೂರ ನಾಳದ ಅಗಲದೊಳಗೇ ಮುಗಿಯುತ್ತದೆ. ಸಾಮಾನ್ಯ ಸ್ಟೆಂಟ್‌ಗಳ 316ಎಲ್ ಉಕ್ಕು ಬಹುಮಟ್ಟಿಗೆ ಕಾಂತೀಯವಲ್ಲದ್ದರಿಂದ ಬೇರೆ ಉಕ್ಕು ಹುಡುಕಬೇಕಾಯಿತು.

ಸ್ಟೆಂಟ್ ಇಲ್ಲದ ನಾಳಕ್ಕೆ ಹೊರಗಿನ ಅಯಸ್ಕಾಂತವೇ ಗತಿ. ಒಂದೇ ಬದಿಯಲ್ಲಿ ಹಿಡಿದರೆ ಕೋಶಗಳು ಆ ಬದಿಗೇ ಗುಂಪುಗೂಡುತ್ತವೆ. ಬಾನ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ, ನಾಳವನ್ನು ಸುತ್ತುವರಿಯುವ ವಿಶೇಷ ಅಯಸ್ಕಾಂತ ಜೋಡಣೆಯಿಂದ ಚಿಕ್ಕ ಜಾತಿಯ ಇಲಿಯ (ಮೌಸ್) ಧಮನಿಯ ಒಳಗೋಡೆಗೆ ಸುತ್ತಲೂ ಕೋಶ ಅಂಟಿಸಿತು. ಆ ಧಮನಿ ಚರ್ಮಕ್ಕೆ ಹತ್ತಿರ. ಮನುಷ್ಯನ ಹೃದಯದ ಧಮನಿ ಎದೆಯ ಆಳದಲ್ಲಿದೆ, ಎಡೆಬಿಡದೆ ಮಿಡಿಯುತ್ತದೆ, ಅಷ್ಟು ದೂರಕ್ಕೆ ಹೊರಗಿನ ಸೆಳೆತ ಸಾಲದು. ಹೀಗಾಗಿ ಈ ವಿಧಾನ ಇನ್ನೂ ಆಸ್ಪತ್ರೆಯ ದಿನನಿತ್ಯದ ಚಿಕಿತ್ಸೆಯಾಗಿಲ್ಲ.